ಕೈಯನ್ನು ಬೈಯುವ ಮೊದಲು ಜಾಗ ನೋಡಿ

ರಾಮನಗರದ ಕಡೆಯೋ ಶಿಡ್ಲಘಟ್ಟದ ಕಡೆಯೋ ರೇಷ್ಮೆ ಹುಳು ಸಾಕುವವರ ಮನೆಗೆ ನೀವು ಹೋಗಿದ್ದರೆ ಅಲ್ಲಿನ ಶಿಸ್ತು ನೋಡಿಯೇ ಇರುತ್ತೀರಿ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ ಶಾಖ ಬೇಕು, ಗಾಳಿಯಲ್ಲಿ ತೇವ ಶೇಕಡಾ 80ಕ್ಕೂ ಮೇಲಿರಬೇಕು. ಹುಳು ದೊಡ್ಡದಾದ ಹಾಗೆ ಶಾಖ 24–25ಕ್ಕೆ ಇಳಿಯಬೇಕು, ತೇವವೂ ತಗ್ಗಬೇಕು. ಬಿಸಿಲು ಏರಿತೆಂದರೆ ಗೋಣಿತಾಟು ನೆನೆಸಿ ಕಿಟಕಿಗೆ ಇಳಿಬಿಡುತ್ತಾರೆ. ಊಜಿ ನೊಣ ಬರದಂತೆ ಬಾಗಿಲಿಗೆ ಬಲೆ ಕಟ್ಟುತ್ತಾರೆ. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವುದನ್ನು ನಿಲ್ಲಿಸಿ ಅದನ್ನು ಅದರ ಪಾಡಿಗೆ ಬಿಡುತ್ತಾರೆ. ಗೂಡು ತೆಳ್ಳಗಾದರೆ ರೈತ ಮೊದಲು ನೋಡುವುದು ಮನೆಯನ್ನು. ಗಾಳಿ ಆಡಲಿಲ್ಲವೇ? ತಟ್ಟೆಯಲ್ಲಿ ಹುಳು ಕಿಕ್ಕಿರಿದಿದ್ದವೇ? ಸೊಪ್ಪು ಬಾಡಿತ್ತೇ? ಹುಳು ಸೋಮಾರಿಯಾಗಿತ್ತು ಎಂದು ಯಾರೂ ಹೇಳುವುದಿಲ್ಲ.

ಅದೇ ಗೂಡು ಮುಂದೆ ನೂಲು ಬಿಚ್ಚುವ ಘಟಕಕ್ಕೆ ಬರುತ್ತದೆ. ಅಲ್ಲಿ ಕುದಿನೀರಿನ ಆವಿ, ಬೆಂದ ಹುಳುವಿನ ವಾಸನೆ, ದಿನವಿಡೀ ಬಿಸಿನೀರಲ್ಲಿ ನೆನೆದು ಸುಕ್ಕಾದ ಬೆರಳುಗಳು. ಇಲ್ಲಿ ನೂಲು ಕಡಿಮೆ ಬಂದರೆ ಮಾತು ಬೇರೆಯಾಗುತ್ತದೆ: ‘ಈ ಹೆಂಗಸಿನ ಕೈ ನಿಧಾನ.’ ಹುಳುವಿಗೆ ಸಿಕ್ಕ ನ್ಯಾಯ ಮನುಷ್ಯರಿಗೆ ಯಾಕೆ ಸಿಗಬಾರದು? ಇವತ್ತು ಬೇಲಿಯ ಮೇಲೆ ಕೈಯಿಟ್ಟು ನಿಮ್ಮ ಹತ್ತಿರ ಹರಟಬೇಕು ಅಂತ ನಿಂತಿರುವುದು ಇದನ್ನೇ.

ನಮ್ಮ ಕಾಂಪೌಂಡಿನ ಆಚೆಯ ಮನೆಯ ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಶರ್ಟಿಗೆ ಕಾಲರ್ ಕೂರಿಸುವ ಟೈಲರ್. ಸಂಜೆ ಒಣಗಿದ ಬಟ್ಟೆ ತೆಗೆಯಲು ಬಂದಾಗ ಗೋಡೆಗೆ ಒರಗಿ ನಾಲ್ಕು ಮಾತಾಡುವುದು ನಮ್ಮಿಬ್ಬರ ರೂಢಿ. ಏಪ್ರಿಲ್ ಬಿಸಿಲಲ್ಲಿ ಒಂದು ದಿನ ಮುಖ ಬಾಡಿತ್ತು.

‘ಯಾಕಕ್ಕ, ಇಷ್ಟು ಸುಸ್ತಾಗಿದ್ದೀರಿ?’

‘ಟಾರ್ಗೆಟ್ ಮುಟ್ನಿಲ್ಲ ಕಣಮ್ಮ. ಬ್ಯಾಸ್ಗೇಲಿ ಯಾವತ್ತೂ ಮುಟ್ಟಾಕಾಗಲ್ಲ. ಮೇಲೆ ಶೀಟು, ಹಿಂದ್ಗಡೆ ಐರನ್ ಟೇಬಲ್ಲು. ಕೈ ಬೆವತ್ರೆ ಬಟ್ಟೆ ಜಾರ್ತದೆ. ಸೂಪರ್‌ವೈಸರ್ ಬಂದು ಕೈ ಓಡಿಸ್ರಿ ಅಂತಾನೆ. ಕೈ ಓಡುಸ್ಬೋದು, ಉಸ್ರಾಡಾಕೆ ಗಾಳಿ ಎಲ್ಲದೆ?’

ಅಕ್ಕನ ಈ ಮಾತಿಗೆ ಲೆಕ್ಕದ ಪುರಾವೆ ಇದೆ, ಅದೂ ನಮ್ಮ ಬೆಂಗಳೂರಿನದೇ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ ನ್ಯಾಷದಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಒಂದೊಂದು ಲೈನಿನ ದಿನದಿನದ ಉತ್ಪಾದನೆಯನ್ನು ಅಂದಂದಿನ ಹವೆಯ ಪಕ್ಕದಲ್ಲಿಟ್ಟು ನೋಡಿದರು. ಶಾಖ ಒಂದು ಮಟ್ಟ ದಾಟಿದ ದಿನ ಕೆಲಸ ಇಳಿಯುತ್ತಿತ್ತು. ಆ ನಡುವೆ ಕಾರ್ಖಾನೆಗಳು ಕರೆಂಟು ಉಳಿಸಲೆಂದು ಹಳೆಯ ಫ್ಲೋರೆಸೆಂಟ್ ದೀಪ ತೆಗೆದು ಎಲ್‌ಇಡಿ ಹಾಕಿಸಿದ್ದವು. ಎಲ್‌ಇಡಿ ಕಡಿಮೆ ಶಾಖ ಉಗುಳುತ್ತದೆ. ನೂರಾರು ದೀಪ ಒಟ್ಟಿಗೆ ಬದಲಾದಾಗ ಹೊಲಿಗೆಯ ಹಾಲ್ ತುಸು ತಣ್ಣಗಾಯಿತು. ಬಿಸಿಲಿನ ದಿನಗಳಲ್ಲೂ ಕೆಲಸ ಮೊದಲಿನಷ್ಟು ಕುಸಿಯಲಿಲ್ಲ. 2020ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಒಂದು ಸಾಧಾರಣ ಕಾರ್ಖಾನೆಗೆ ವಿದ್ಯುತ್ತಿನಲ್ಲಿ ಉಳಿದದ್ದು ಸುಮಾರು 2,880 ಡಾಲರ್, ಹೆಚ್ಚಿದ ಕೆಲಸದಿಂದ ಬಂದದ್ದು ಸುಮಾರು 7,500 ಡಾಲರ್.

ಆ ಎರಡು ಅಂಕಿಗಳನ್ನು ನಿಧಾನವಾಗಿ ನೋಡಿ. ಮಾಲೀಕರು ದೀಪ ಬದಲಿಸಿದ್ದು ಬಿಲ್ಲಿನ ಚಿಂತೆಯಿಂದ. ಆದರೆ ಬಿಲ್ಲಿನಲ್ಲಿ ಉಳಿದದ್ದರ ಎರಡು ಪಟ್ಟಿಗೂ ಮೀರಿದ ಲಾಭ ಬಂದದ್ದು ದೀಪದ ಕೆಳಗೆ ಕೂತವರ ಮೈ ತಂಪಾದದ್ದರಿಂದ. ಹೊಲಿಯುವವರು ಅವರೇ, ಬಟ್ಟೆ ಅದೇ, ಮಿಷನ್ನೂ ಅದೇ. ಬದಲಾದದ್ದು ಜಾಗದ ಶಾಖ ಒಂದೇ. ಇಷ್ಟು ದಿನ ‘ನಿಧಾನ’ ಎನಿಸಿಕೊಂಡ ಕೈಗಳಲ್ಲಿ ಎಷ್ಟು ಕೈಗಳು ನಿಜಕ್ಕೂ ನಿಧಾನವಾಗಿರಲೇ ಇಲ್ಲ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಬೆಂಗಳೂರು ತಂಪು ಊರು ಎಂಬ ಹೆಸರನ್ನು ನಂಬಿ ಕೂರುವ ಕಾಲವೂ ಹೋಯಿತು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು. ದೇಶದ ಕಾರ್ಖಾನೆಗಳ ಲೆಕ್ಕವನ್ನು ಒಟ್ಟಾಗಿ ನೋಡಿದವರೂ ಇದ್ದಾರೆ. ಇ. ಸೋಮನಾಥನ್, ರೋಹಿಣಿ ಸೋಮನಾಥನ್, ಅನಂತ್ ಸುದರ್ಶನ್, ಮೀನು ತಿವಾರಿ ಅವರ 2021ರ ಅಧ್ಯಯನ ಹೇಳುವಂತೆ, ವರ್ಷದ ಶಾಖ ಒಂದು ಡಿಗ್ರಿ ಏರಿದರೆ ಕಾರ್ಖಾನೆಯ ಉತ್ಪಾದನೆ ಸುಮಾರು ಶೇಕಡಾ 2ರಷ್ಟು ಇಳಿಯುತ್ತದೆ. ತಂಪು ಮಾಡುವ ವ್ಯವಸ್ಥೆ ಇದ್ದ ಕಡೆ ಕೆಲಸದ ವೇಗ ಇಳಿಯಲಿಲ್ಲ. ಆದರೆ ಅಲ್ಲಿಯೂ ಸೆಕೆ ಹೆಚ್ಚಿದ ದಿನಗಳಲ್ಲಿ ಗೈರುಹಾಜರಿ ಮಾತ್ರ ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಎಂದು ನಮ್ಮ ಅಕ್ಕನನ್ನು ಕೇಳಿದರೆ ಸಾಕು. ಅವರಿರುವುದು ಶೀಟಿನ ಮನೆ. ಹಗಲೆಲ್ಲ ಕಾದ ಶೀಟು ನಡುರಾತ್ರಿಯ ತನಕ ಶಾಖ ಬಿಡುತ್ತದೆ. ಬಾಗಿಲು ತೆಗೆದರೆ ಸೊಳ್ಳೆ, ಮುಚ್ಚಿದರೆ ಸೆಕೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನೀರು ಹಿಡಿದು, ಮುದ್ದೆ ಬೇಯಿಸಿ, ಮಕ್ಕಳಿಗೆ ಡಬ್ಬಿ ಕಟ್ಟಿ ವ್ಯಾನ್ ಹತ್ತಬೇಕು. ಅವರ ಕೆಲಸದ ಜಾಗ ಕಾರ್ಖಾನೆಯ ಗೇಟಿನಿಂದ ಶುರುವಾಗುವುದಿಲ್ಲ, ಅವರು ಮಲಗಿದ ಚಾಪೆಯಿಂದಲೇ ಶುರುವಾಗುತ್ತದೆ.

ಚೆನ್ನೈಯಲ್ಲಿ ಕೆಲವು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕಂಪ್ಯೂಟರಿಗೆ ಅಂಕಿ-ಅಂಶ ಏರಿಸುವ ಕೆಲಸಕ್ಕೆ ಬಡ ಕುಟುಂಬಗಳವರನ್ನು ತೆಗೆದುಕೊಂಡು ಅವರ ನಿದ್ದೆ ಅಳೆದರು. ಎಂಟು ಗಂಟೆ ಹಾಸಿಗೆಯ ಮೇಲಿದ್ದರೂ ನಿದ್ದೆ ಸಿಗುತ್ತಿದ್ದದ್ದು ಸುಮಾರು ಐದೂವರೆ ಗಂಟೆ. ಸೆಕೆ, ಸೊಳ್ಳೆ, ಸದ್ದಿಗೆ ಮತ್ತೆ ಮತ್ತೆ ಎಚ್ಚರವಾಗುತ್ತಿತ್ತು. ಸಲಹೆ ಕೊಟ್ಟು, ಸಲಕರಣೆ ಕೊಟ್ಟು ರಾತ್ರಿಯ ನಿದ್ದೆಯನ್ನು ಸುಮಾರು ಅರ್ಧ ಗಂಟೆ ಹೆಚ್ಚಿಸಿದರು. ಕೆಲಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಕೆಲಸದ ಜಾಗದಲ್ಲೇ, ಶಾಂತವಾದ ಕಡೆ, ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಟ್ಟಾಗ ಕೆಲಸದ ವೇಗ ಹೆಚ್ಚಿತು, ಗಮನ ಹೆಚ್ಚಿತು, ಮನಸ್ಸೂ ಹಗುರಾಯಿತು. ಮಲಗಿದ ಅರ್ಧ ಗಂಟೆ ಕೆಲಸದ ಹೊತ್ತಿನಿಂದ ಕಳೆಯುತ್ತದೆ, ನಿಜ. ಸುಮ್ಮನೆ ಕೂತು ವಿರಾಮ ಪಡೆದವರಿಗಿಂತ ಮಲಗಿದವರು ಹೆಚ್ಚು ಗಳಿಸಿದರು, ಬಿಡುವಿಲ್ಲದೆ ದುಡಿದವರಷ್ಟು ಅಲ್ಲ. ಆ ಲೆಕ್ಕವನ್ನು ಮುಚ್ಚಿಡಬೇಕಿಲ್ಲ. ನನ್ನ ಕಣ್ಣು ಹೋದದ್ದು ಬೇರೆ ಕಡೆ. ಒಳ್ಳೆಯ ನಿದ್ದೆ ಸಿಕ್ಕಿದ್ದು ಸ್ವಂತ ಮನೆಯಲ್ಲಿ ಅಲ್ಲ, ಆಫೀಸಿನಲ್ಲಿ! ಊಟದ ಮೇಲೆ ಜಗಲಿಯಲ್ಲಿ ಒಂದು ಜೊಂಪು ತೆಗೆಯುತ್ತಿದ್ದ ನಮ್ಮ ಹಿರಿಯರನ್ನು ಸೋಮಾರಿಗಳೆಂದು ಕರೆದವರು ಈ ಅಧ್ಯಯನ ಓದಬೇಕು.

ಮನೆಯ ಮಾತು ಬಂತಲ್ಲ, ಅಲ್ಲಿಗೇ ಹೋಗೋಣ. 2020ರ ಲಾಕ್‌ಡೌನ್ ಆದಾಗಿನಿಂದ ಮನೆಯಿಂದ ಕೆಲಸ ಒಳ್ಳೆಯದೋ ಆಫೀಸಿಗೆ ಹೋಗುವುದು ಒಳ್ಳೆಯದೋ ಎಂಬ ವಾದ ಪ್ರತಿ ಮನೆಯಲ್ಲೂ ನಡೆದಿದೆ. ಎರಡೂ ಕಡೆಯವರ ಹತ್ತಿರ ಪುರಾವೆ ಇದೆ. ಚೀನಾದ ಶಾಂಘೈಯಲ್ಲಿ ಸಿಟ್ರಿಪ್ ಎಂಬ ಪ್ರಯಾಣ ಸಂಸ್ಥೆಯ ಕಾಲ್ ಸೆಂಟರಿನಲ್ಲಿ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗದಲ್ಲಿ ಮನೆಯಿಂದ ದುಡಿದವರ ಕೆಲಸ ಶೇಕಡಾ 13ರಷ್ಟು ಹೆಚ್ಚಿತು. ಚೆನ್ನೈಯಲ್ಲಿ ಡೇವಿಡ್ ಆಟ್ಕಿನ್, ಆಂಟೊನೆಟ್ ಶೋರ್, ಸುಮಿತ್ ಶಿಂಧೆ ನಡೆಸಿದ ಪ್ರಯೋಗದಲ್ಲಿ ಮನೆಯಿಂದ ದುಡಿದವರ ಕೆಲಸ ಶೇಕಡಾ 18ರಷ್ಟು ಕಡಿಮೆಯಾಯಿತು. ಒಂದು ಕಡೆ ಏರಿತು, ಇನ್ನೊಂದು ಕಡೆ ಇಳಿಯಿತು. ಚೀನಾದವರು ಶ್ರಮಜೀವಿಗಳು, ನಮ್ಮವರು ಮೈಗಳ್ಳರು ಎಂದು ಯಾರಾದರೂ ತೀರ್ಪು ಕೊಡುವ ಮೊದಲು ಒಂದು ಸಣ್ಣ ವಿವರ ಕೇಳಿ: ಶಾಂಘೈಯ ಪ್ರಯೋಗಕ್ಕೆ ಸೇರಬೇಕಾದರೆ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರಬೇಕಿತ್ತು, ಕೂತು ಕೆಲಸ ಮಾಡಲು ಪ್ರತ್ಯೇಕ ಕೋಣೆಯೂ ಇರಬೇಕಿತ್ತು.

ಪ್ರತ್ಯೇಕ ಕೋಣೆ! ನಮ್ಮ ಎಷ್ಟು ಮನೆಗಳಲ್ಲಿದೆ ಅದು? ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿ ಎರಡು ವರ್ಷ ಮನೆಯಿಂದ ಕೆಲಸ ಮಾಡಿದಳು. ಹಾಲಿನ ಮೂಲೆಯಲ್ಲಿ ಒಂದು ಮೇಜು, ಎದುರಿಗೆ ಟಿವಿ, ಪಕ್ಕದಲ್ಲಿ ಅಡುಗೆಮನೆಯ ಬಾಗಿಲು. ಮೀಟಿಂಗ್ ನಡುವೆ ಕುಕ್ಕರ್ ಕೂಗುತ್ತಿತ್ತು, ಕೊರಿಯರ್‌ನವನು ಬೆಲ್ ಮಾಡುತ್ತಿದ್ದ, ಅಜ್ಜಿ ಮಾತ್ರೆ ಕೇಳುತ್ತಿದ್ದರು. ‘ಮನೆಯಲ್ಲೇ ಇದ್ದೀಯಲ್ಲ, ಸ್ವಲ್ಪ ಹಾಲು ನೋಡ್ಕೋ’ ಎನ್ನುವುದು ದಿನಕ್ಕೆ ಹತ್ತು ಸಲ. ಅವಳ ತಮ್ಮನೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ, ಅವನಿಗೆ ಮಾತ್ರ ಕೋಣೆಯ ಬಾಗಿಲು ಮುಚ್ಚಿಕೊಳ್ಳುವ ಅನುಮತಿ ಇತ್ತು. ಇಬ್ಬರೂ ಒಂದೇ ಸೂರಿನಡಿ ಇದ್ದರು. ಆದರೆ ಕೆಲಸದ ಜಾಗ ಸಿಕ್ಕಿದ್ದು ಒಬ್ಬನಿಗೆ. ಮನೆಯಿಂದ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಕಂಡಿಲ್ಲ: ಮುಚ್ಚಿಕೊಳ್ಳಲು ಬಾಗಿಲು ಇದ್ದವರಿಗೆ ಒಳ್ಳೆಯದು.

ಮನೆಯೊಳಗೇ ಇನ್ನೊಂದು ಕೆಲಸದ ಜಾಗ ಇದೆ. ಅದನ್ನು ಕೆಲಸದ ಜಾಗ ಎಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದು ಅಡುಗೆಮನೆ. ಹಳ್ಳಿಯ ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣು ಉಜ್ಜಿಕೊಂಡು ಊದುಗೊಳವೆ ಊದಿದ ತಲೆಮಾರುಗಳನ್ನು ನೆನೆಯಿರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡ ಹಳ್ಳಿಗಳ ಬದುಕನ್ನು ಹತ್ತಿರದಿಂದ ನೋಡಿ, ಮುಂದೆ ಅಸ್ತ್ರ ಒಲೆಯನ್ನು ರೂಪಿಸಿತು. ಮಣ್ಣಿನ ಒಲೆಯೇ. ಆದರೆ ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುವಂತೆ ದಾರಿ, ಹೊಗೆ ಹೊರಗೆ ಹೋಗಲು ಚಿಮಣಿ. ಸೌದೆ ಉಳಿಯಿತು, ಬೇಯುವ ಹೊತ್ತು ಉಳಿಯಿತು, ಕಣ್ಣು ಉಳಿಯಿತು. ಅಡುಗೆ ಬೇಗ ಆಗಬೇಕೆಂದರೆ ಅಡುಗೆ ಮಾಡುವವಳನ್ನು ಅವಸರ ಮಾಡುವುದಲ್ಲ, ಒಲೆಯನ್ನು ಸರಿ ಮಾಡುವುದು ಎಂದು ಈ ವಿಜ್ಞಾನಿಗಳಿಗೆ ತಿಳಿದಿತ್ತು. ನಮ್ಮ ನಗರದ ಮನೆಗಳಲ್ಲಿ ಇಂದಿಗೂ ಅಡುಗೆಕಟ್ಟೆಯ ಎತ್ತರ ನಿರ್ಧರಿಸುವವರು ಮೇಸ್ತ್ರಿ ಮತ್ತು ಮನೆಯ ಯಜಮಾನ. ಅಲ್ಲಿ ಬಗ್ಗಿ ನಿಲ್ಲಬೇಕಾದವರ ಸೊಂಟವನ್ನು ಯಾರೂ ಅಳತೆಗೆ ಕರೆಯುವುದಿಲ್ಲ. ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಕರೆಯಿರಿ.

ಇನ್ನು ಸದ್ದು. ಸದ್ದಿಗೆ ಒಗ್ಗಿಕೊಳ್ಳುತ್ತೇವೆ ಎಂದು ನಾವೆಲ್ಲ ನಂಬಿದ್ದೇವೆ. ಮುಖ್ಯರಸ್ತೆಯ ಮೇಲಿನ ಮನೆಯವರು ‘ಅಭ್ಯಾಸ ಆಗಿಹೋಗಿದೆ’ ಅನ್ನುತ್ತಾರೆ. ಕಿವಿಗೆ ಅಭ್ಯಾಸವಾಗಬಹುದು, ತಲೆಗೆ ಆಗುವುದಿಲ್ಲ. ಕೀನ್ಯಾದ ನೈರೋಬಿಯಲ್ಲಿ ಜೋಶುವಾ ಡೀನ್ ಎಂಬ ಅರ್ಥಶಾಸ್ತ್ರಜ್ಞ ಹೊಲಿಗೆ ಮಾಡುವವರ ಕೋಣೆಯ ಹೊರಗೆ ಇಂಜಿನ್ ಸದ್ದು ಮಾಡಿಸಿ ನೋಡಿದರು. ಸದ್ದು 10 ಡೆಸಿಬೆಲ್ ಹೆಚ್ಚಿದಾಗ ಹೊಲಿಗೆ ಸುಮಾರು ಶೇಕಡಾ 5ರಷ್ಟು ಕಡಿಮೆಯಾಯಿತು. ಅವರು ಶ್ರಮ ಕಡಿಮೆ ಹಾಕಲಿಲ್ಲ. ಸದ್ದು ಅವರ ಗಮನವನ್ನು ಕದಿಯುತ್ತಿತ್ತು, ಆ ಕಳವು ಅವರ ಅರಿವಿಗೂ ಬರುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಓದುವ ಮಗುವಿನ ಪಕ್ಕದ ಕೋಣೆಯಲ್ಲಿ ಧಾರಾವಾಹಿ ಜೋರಾಗಿ ಹಾಕಿಕೊಂಡು, ‘ಓದಿದ್ದು ತಲೆಗೆ ಹತ್ತಲ್ಲ ಇವನಿಗೆ’ ಎನ್ನುವ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ದೊಡ್ಡ ಕಂಪನಿಗಳಲ್ಲಿ ಗೋಡೆಗಳನ್ನೆಲ್ಲ ಕೆಡವಿ ಉದ್ದನೆಯ ಮೇಜು ಹಾಕಿ ಎಲ್ಲರನ್ನೂ ಒಟ್ಟಿಗೆ ಕೂರಿಸುವ ಪದ್ಧತಿ ಬಂತಲ್ಲ, ಅದರ ಕಥೆಯೂ ಇದೆ. ಒಟ್ಟಿಗೆ ಕೂತರೆ ಮಾತುಕತೆ ಹೆಚ್ಚುತ್ತದೆ, ಹೊಸ ಆಲೋಚನೆ ಹುಟ್ಟುತ್ತದೆ ಎಂಬುದು ಕಾರಣ. ಎಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ ಅಮೆರಿಕದ ಎರಡು ದೊಡ್ಡ ಕಂಪನಿಗಳಲ್ಲಿ ಇದನ್ನು ಅಳೆದು 2018ರಲ್ಲಿ ಪ್ರಕಟಿಸಿದರು. ಮುಖಾಮುಖಿ ಮಾತು ಸುಮಾರು ಶೇಕಡಾ 70ರಷ್ಟು ಕಡಿಮೆಯಾಗಿತ್ತು, ಬದಲಿಗೆ ಇಮೇಲ್ ಹೆಚ್ಚಿತ್ತು. ಹತ್ತು ಜನರ ಕಣ್ಣೆದುರು ಕೂತ ಮನುಷ್ಯ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತಾನೆ. ಏಕಾಂತ ಸಿಕ್ಕವನಿಗೇ ಎದ್ದು ಹೋಗಿ ಇನ್ನೊಬ್ಬರ ಜೊತೆ ಮಾತಾಡುವ ಮನಸ್ಸು ಬರುವುದು.

ಕೂರಲು ಜಾಗವೇ ಇಲ್ಲದವರೂ ಇದ್ದಾರೆ. ಬಟ್ಟೆ ಅಂಗಡಿಗೆ, ಒಡವೆ ಅಂಗಡಿಗೆ ಹೋದಾಗ ನಮಗೆ ಕುರ್ಚಿ ಕೊಟ್ಟು, ತಣ್ಣನೆ ನೀರು ಕೊಟ್ಟು ಸೀರೆ ಬಿಚ್ಚಿ ತೋರಿಸುವ ಹುಡುಗಿಯ ಕಾಲು ನೋಡಿದ್ದೀರಾ? ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರ ತನಕ ಅವಳು ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಕೇರಳದ ಕೋಝಿಕ್ಕೋಡಿನಲ್ಲಿ ಪಿ. ವಿಜಿ ಅವರ ಮುಂದಾಳತ್ವದಲ್ಲಿ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ತಿದ್ದಿತು, 2021ರಲ್ಲಿ ತಮಿಳುನಾಡು ತಿದ್ದಿತು. ಒಂದು ಸ್ಟೂಲಿಗಾಗಿ ವಿಧಾನಸಭೆಯ ತನಕ ಹೋಗಬೇಕಾಯಿತು ಎಂಬುದೇ ನೋವಿನ ಸಂಗತಿ. ಕೂತರೆ ಗಿರಾಕಿಗೆ ಅಗೌರವ ಎಂದು ಮಾಲೀಕರು ಹೇಳುತ್ತಾರಂತೆ. ಗಿರಾಕಿಯಾಗಿ ನಾನು ಹೇಳುತ್ತೇನೆ, ನನಗೆ ಅಗೌರವವಾಗುವುದಿಲ್ಲ. ಕಾಲು ನೋಯದ ಹುಡುಗಿ ಇನ್ನೂ ನಾಲ್ಕು ಸೀರೆ ನಗುನಗುತ್ತಾ ತೋರಿಸುತ್ತಾಳೆ, ಅಂಗಡಿಗೂ ಅದೇ ಲಾಭ.

ಹಾಗಾದರೆ ಕೆಲಸಕ್ಕೆ ಹೊಂದುವ ಜಾಗವನ್ನು ಮಾಡುವುದು ಹೇಗೆಂದು ನಮಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಇಳಕಲ್ಲಿನ ಕುಣಿಮಗ್ಗ ನೋಡಿ. ನೆಲದಲ್ಲಿ ಕುಣಿ ತೋಡಿ, ನೇಕಾರ ಅದರ ಅಂಚಿಗೆ ಕೂತು ಕಾಲು ಕೆಳಗೆ ಬಿಟ್ಟುಕೊಳ್ಳುತ್ತಾನೆ. ತುಳಿಯುವ ಹಲಗೆಗಳು ಕುಣಿಯೊಳಗೆ, ಹಾಸು ಕೈಗೆ ಎಟುಕುವ ಎತ್ತರದಲ್ಲಿ. ನೆಲದ ತಂಪು ಮತ್ತು ತೇವ ಮೇಲೆ ಬಂದು ನೂಲು ಒಣಗಿ ಕಡಿಯದಂತೆ ಕಾಯುತ್ತದೆ. ಬಾಗಲಕೋಟೆಯ ಒಣ ಬಿಸಿಲಿನ ಊರಿನಲ್ಲಿ ಎಳೆ ಕಡಿಯುತ್ತಾ ಹೋದರೆ, ಗಂಟು ಹಾಕುತ್ತಾ ಕೂತರೆ ಸೀರೆ ಯಾವಾಗ ಮುಗಿಯಬೇಕು? ನೂಲಿಗೂ ಕಾಲಿಗೂ ಒಪ್ಪುವ ಈ ಜಾಗವನ್ನು ಕಂಡುಕೊಂಡದ್ದು ಅಲ್ಲೇ ಕೂತು ನೇಯ್ದವರು, ಹೊರಗಿನಿಂದ ಬಂದ ತಜ್ಞರಲ್ಲ.

ಕುಣಿಮಗ್ಗದ ಕಷ್ಟವನ್ನೂ ಮರೆಯಬಾರದು. ಮಳೆಗಾಲದಲ್ಲಿ ಕುಣಿಗೆ ನೀರು ಜಿನುಗುತ್ತದೆ. 2019ರ ನೆರೆಯಲ್ಲಿ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಎಷ್ಟೋ ನೇಕಾರರ ಮಗ್ಗಗಳು ನೀರು ಪಾಲಾದವು. ವಯಸ್ಸಾದ ಹಾಗೆ ಬೆನ್ನು ನೋಯುತ್ತದೆ, ಮಂದ ಬೆಳಕಿನಲ್ಲಿ ಕಣ್ಣು ಸೋಲುತ್ತದೆ. ಹಳೆಯದೆಲ್ಲ ಸರಿಯಿತ್ತು ಎನ್ನುವುದು ನನ್ನ ಮಾತಲ್ಲ. ಕೂತು ದುಡಿಯುವವರ ಅನುಭವ ಸೇರಿದಾಗ ಮಾತ್ರ ಜಾಗ ಕೆಲಸಕ್ಕೆ ಹೊಂದುತ್ತದೆ ಎನ್ನುವುದು ನನ್ನ ಮಾತು. ಇಂದು ನೇಕಾರರ ಮನೆಗೆ ಸೋಲಾರ್ ದೀಪವೋ ಹೊಸ ಬಗೆಯ ಮಗ್ಗವೋ ತರುವವರು ಅವರ ಪಕ್ಕದಲ್ಲಿ ನಾಲ್ಕು ದಿನ ಕೂತು ನೋಡಿ ತರಲಿ.

ಇಲ್ಲಿ ಕೆಲವರು ಒಂದು ಹಳೆಯ ಕಥೆ ಎತ್ತುತ್ತಾರೆ. ಅಮೆರಿಕದ ಹಾಥಾರ್ನ್ ಎಂಬ ಕಾರ್ಖಾನೆಯಲ್ಲಿ 1924ರಿಂದ ಬೆಳಕಿನ ಪ್ರಯೋಗ ನಡೆಯಿತು. ಬೆಳಕು ಹೆಚ್ಚಿಸಿದಾಗಲೂ ಕೆಲಸ ಏರಿತು, ಕಡಿಮೆ ಮಾಡಿದಾಗಲೂ ಏರಿತು, ಆದ್ದರಿಂದ ಜಾಗ ಮುಖ್ಯವಲ್ಲ, ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ ಎಂಬ ಭಾವನೆಯೇ ಮುಖ್ಯ ಎಂದು ಮ್ಯಾನೇಜ್‌ಮೆಂಟ್ ಪುಸ್ತಕಗಳು ದಶಕಗಳ ಕಾಲ ಹೇಳಿಕೊಟ್ಟವು. ಆದರೆ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಆ ಪ್ರಯೋಗದ ಮೂಲ ಅಂಕಿಗಳನ್ನು ಹುಡುಕಿ ತೆಗೆದು 2011ರಲ್ಲಿ ಮತ್ತೆ ಲೆಕ್ಕ ಹಾಕಿದರು. ಕಥೆಯಲ್ಲಿ ಹೇಳಿದಷ್ಟು ಅಚ್ಚುಕಟ್ಟಾದ ಫಲ ಆ ಅಂಕಿಗಳಲ್ಲಿ ಇರಲಿಲ್ಲ. ನಾಲ್ಕು ಒಳ್ಳೆಯ ಮಾತಾಡಿ ಗಾಳಿ ಬೆಳಕನ್ನು ಮರೆಸಬಹುದು ಎಂದುಕೊಂಡವರು ತಮ್ಮ ನಂಬಿಕೆಗೆ ಬೇರೆ ಆಧಾರ ಹುಡುಕಬೇಕು.

ಹಾಗೆಂದು ಮಾತಿಗೆ ಬೆಲೆ ಇಲ್ಲವೆಂದಲ್ಲ. ಮಾತು ಕೆಲಸದ ಜಾಗದ ಒಂದು ಭಾಗವೇ. ಮತ್ತೆ ನಮ್ಮ ಗಾರ್ಮೆಂಟ್ಸ್‌ಗೇ ಬರುತ್ತೇನೆ. ಅಧ್ವರ್ಯು ಅವರ ತಂಡವೇ ಇನ್ನೊಂದು ಸಂಗತಿ ನೋಡಿತು. ಗಾಳಿಯಲ್ಲಿ ಧೂಳಿನ ಕಣ ಹೆಚ್ಚಾದ ದಿನ ಹೊಲಿಗೆಯ ವೇಗ ಇಳಿಯುತ್ತದೆ, ಎಲ್ಲರಿಗೂ ಒಂದೇ ಸಮನಾಗಿ ಅಲ್ಲ. ತಮ್ಮ ಲೈನಿನ ಒಬ್ಬೊಬ್ಬರನ್ನೂ ಗಮನಿಸುತ್ತಿದ್ದ ಸೂಪರ್‌ವೈಸರ್‌ಗಳು ಯಾರಿಗೆ ಇವತ್ತು ಆಗುತ್ತಿಲ್ಲ ಎಂದು ನೋಡಿ ಅವರಿಗೆ ಲೈನಿನಲ್ಲೇ ಬೇರೆ ಕೆಲಸ ಕೊಟ್ಟು ಲೈನನ್ನು ಉಳಿಸಿಕೊಳ್ಳುತ್ತಿದ್ದರು. ಇನ್ನೊಂದು ಪ್ರಯೋಗದಲ್ಲಿ, ನಿರೀಕ್ಷಿಸಿದಷ್ಟು ಸಂಬಳ ಏರದಿದ್ದ ಸಮಯದಲ್ಲಿ, ಕೆಲವು ಕೆಲಸಗಾರರಿಗೆ ಹೆಸರು ಹೇಳದೆ ತಮ್ಮ ಅಭಿಪ್ರಾಯ ತಿಳಿಸುವ ಅವಕಾಶ ಕೊಟ್ಟರು. ಕೆಲಸದ ಬಗ್ಗೆ, ಸೂಪರ್‌ವೈಸರ್ ಬಗ್ಗೆ, ಸಂಬಳದ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನು ಅವರು ಹೇಳಿದರು. ಹೀಗೆ ಹೇಳಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಡುವ ಸಂಭವ ಶೇಕಡಾ 20ರಷ್ಟು ಕಡಿಮೆಯಾಯಿತು.

ಇದನ್ನು ಅಕ್ಕನಿಗೆ ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, ‘ನಮ್ಮನ್ನ ಯಾರೂ ಕೇಳ್ದೋರೇ ಇಲ್ಲ ಕಣಮ್ಮ’ ಅಂದರು.

‘ಕೇಳಿದ್ರೆ ಏನು ಹೇಳ್ತೀರಿ ಅಕ್ಕ?’

‘ಜಾಸ್ತಿ ಏನಿಲ್ಲ. ಐರನ್ ಟೇಬಲ್ ಆ ಕಡೀಕೆ ಹಾಕ್ರಿ ಅಂತೀನಿ. ನಮ್ ಲೈನಿಂದ ಬಾತ್‌ರೂಮ್ ದೂರ. ಹೋಗಿ ಬರೋ ಅಷ್ಟ್ರಲ್ಲಿ ಪೀಸು ಗುಡ್ಡೆ ಬಿದ್ದಿರ್ತವೆ, ಅದ್ಕೇ ನೀರೇ ಕುಡಿಯಾಕಿಲ್ಲ ನಾವು. ಅದೊಂದು ನೋಡ್ರಿ ಅಂತೀನಿ.’

ಕೇಳಿದಿರಾ? ಐರನ್ ಟೇಬಲ್ ಜಾಗ ಬದಲಿಸಲು ಕೋಟಿ ಬೇಕಿಲ್ಲ. ಬಾಯಾರಿದ ಹೆಂಗಸು ಬಾತ್‌ರೂಮಿಗೆ ಹೆದರಿ ನೀರು ಕುಡಿಯದೆ ಸಂಜೆಯ ತನಕ ಕೂತಿರುವುದು ಯಾವ ಉತ್ಪಾದನೆಯ ಲೆಕ್ಕದಲ್ಲೂ ಲಾಭವಲ್ಲ. ತಲೆನೋವು, ಉರಿಮೂತ್ರ, ರಜೆ, ಆಸ್ಪತ್ರೆ ಎಂದು ಅದು ಎಲ್ಲರಿಗೂ ನಷ್ಟವಾಗಿ ತಿರುಗಿ ಬರುತ್ತದೆ.

ನಮ್ಮ ದೇಶ ಇದನ್ನೆಲ್ಲ ಹಿಂದೆಯೇ ಯೋಚಿಸಿತ್ತು ಎಂಬುದು ನೆನಪಿರಲಿ. 1948ರ ಕಾರ್ಖಾನೆ ಕಾಯ್ದೆಯನ್ನು ಅದರ ತಿದ್ದುಪಡಿಗಳ ಸಮೇತ ಓದಿದರೆ ಬರೆದವರ ಕಾಳಜಿ ಕಾಣುತ್ತದೆ. ಒಬ್ಬೊಬ್ಬ ಕೆಲಸಗಾರನಿಗೆ ಕನಿಷ್ಠ 14.2 ಘನ ಮೀಟರ್ ಜಾಗ. ಕುಡಿಯುವ ನೀರು ಶೌಚಾಲಯದಿಂದ 6 ಮೀಟರ್ ದೂರ. 250ಕ್ಕಿಂತ ಹೆಚ್ಚು ಜನರಿದ್ದರೆ ಬೇಸಿಗೆಯಲ್ಲಿ ತಣ್ಣನೆಯ ನೀರು, ಕ್ಯಾಂಟೀನ್. 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳಿಗೆ ಶಿಶುವಿಹಾರ. ನಿಂತು ದುಡಿಯುವವರಿಗೆ ಬಿಡುವಾದಾಗ ಕೂರಲು ಆಸನ. ಸ್ವಾತಂತ್ರ್ಯ ಬಂದ ಮರುವರ್ಷವೇ, ಹಸಿವು ಬಡತನ ತುಂಬಿದ್ದ ದೇಶದಲ್ಲಿ, ಕಾರ್ಮಿಕರ ಗಾಳಿ ಬೆಳಕು ನೀರಿನ ಬಗ್ಗೆ ಕಾನೂನು ಬರೆದವರಿಗೆ ನಾನು ಕೈ ಮುಗಿಯುತ್ತೇನೆ. 2025ರಲ್ಲಿ ಕಾರ್ಮಿಕ ಕಾನೂನುಗಳು ಹೊಸ ಸಂಹಿತೆಗಳಾಗಿ ಬದಲಾದವು. ಕಾನೂನಿನ ಹೆಸರು ಬದಲಾದರೂ ಆ ಕಾಳಜಿ ಬದಲಾಗದಿರಲಿ.

ಕಾರ್ಖಾನೆ ನಡೆಸುವವರು, ಆಫೀಸು ನಡೆಸುವವರು, ಅಂಗಡಿ ಇಟ್ಟವರು, ಮನೆಯ ಯಜಮಾನರು, ಎಲ್ಲರಿಗೂ ನನ್ನದೊಂದು ಬಿನ್ನಹ. ಕೆಲಸ ಕಡಿಮೆಯಾಯಿತು ಅನ್ನಿಸಿದ ದಿನ ಆ ಮನುಷ್ಯರ ಮೇಲೆ ರೇಗುವ ಮೊದಲು ಅವರ ಜಾಗದಲ್ಲಿ ಹೋಗಿ ಕೂತುಕೊಳ್ಳಿ. ಬೆಳಗಿನ ತಂಪಿನಲ್ಲಿ ಐದು ನಿಮಿಷ ಅಲ್ಲ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ, ಪೂರ್ತಿ ಒಂದು ಗಂಟೆ. ಬೆಳಕು ಎಲ್ಲಿಂದ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ, ಬೆನ್ನು ಎಲ್ಲಿ ನೋಯುತ್ತದೆ, ನೀರು ಎಷ್ಟು ದೂರ ಎಂದು ನೋಡಿ. ಆಮೇಲೆ ಪಕ್ಕದಲ್ಲಿರುವವರನ್ನು ಕೇಳಿ: ‘ಇಲ್ಲಿ ಏನು ಬದಲಾಯಿಸಿದರೆ ನಿಮಗೆ ಅನುಕೂಲ?’ ಅವರು ಕೇಳುವುದು ಬಹಳ ಸಣ್ಣದಾಗಿರುತ್ತದೆ. ಒಂದು ಫ್ಯಾನು, ಒಂದು ಸ್ಟೂಲು, ಮುಚ್ಚಿಕೊಳ್ಳುವ ಒಂದು ಬಾಗಿಲು, ಹತ್ತು ನಿಮಿಷದ ಬಿಡುವು. ಕೇಳಿಸಿಕೊಂಡ ಮೇಲೆ ಅದನ್ನು ಮಾಡಿಕೊಡಿ. ದುಡಿಯುವ ಮನಸ್ಸು ಜನರಲ್ಲಿ ಇದ್ದೇ ಇದೆ, ದುಡಿಯಲು ತಕ್ಕ ಜಾಗ ಕೊಡುವುದು ನಮ್ಮ ಪಾಲಿನ ಕೆಲಸ.